ನೋಟವೂ ಗುರಿಯೂ

ಸಂಸ್ಕೃತದಲ್ಲಿ ಕಣ್ಣಿಗೆ ನೇತ್ರವೆಂದೂ ನಯನವೆಂದೂ ಹೆಸರುಂಟು. ಈ ಎರಡು ಶಬ್ದಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಕೊಂಡೊಯ್ಯುವುದು, ಮುಂದೆ ನಿಂತು ನಡೆಸುವುದು ಎಂದು ಆ ಧಾತುವಿನ ಅರ್ಥ. ನಾಯಕ, ನೀತಿ, ವಿನಯ ಎಂಬ ಮಾತುಗಳೂ ಅದೇ ಮನೆತನಕ್ಕೆ ಸೇರಿದವು. ಕಣ್ಣು ಮುಂದಾಗಿ ಹೋಗುವುದು, ಕೈಕಾಲುಗಳು ಅದರ ಹಿಂದೆ ಬರುವುವು ಎಂಬುದನ್ನು ಕಂಡೇ ಹಿರಿಯರು ಈ ಹೆಸರನ್ನಿಟ್ಟರೆಂದು ತೋರುತ್ತದೆ. ಹೀಗಿರಲು, ಕಣ್ಣು ನಮ್ಮನ್ನು ಎಲ್ಲಿಗೆ ಕೊಂಡೊಯ್ಯುತ್ತದೆ, ತಿಳಿವಿನ ಕಡೆಗೋ ಹೊಡೆತದ ಕಡೆಗೋ ಎಂದು ಕೇಳಿಕೊಳ್ಳುವುದು ಎಲ್ಲ ಕಾಲಕ್ಕೂ ಯುಕ್ತವೇ ಸರಿ. ಈ ಪ್ರಶ್ನೆಯನ್ನು ಈಚೆಗೆ ನನ್ನ ಮುಂದೆ ತಂದು ನಿಲ್ಲಿಸಿದ್ದು ಒಂದಡಿ ಉದ್ದದ ಕರಿಯ ಕೊಳವೆ.

ನನ್ನಲ್ಲಿ ಹಿಂದೆ ಸಂಸ್ಕೃತವನ್ನು ಓದಿದ ಶಿಷ್ಯರೊಬ್ಬರು ಅಮೆರಿಕದಲ್ಲಿ ಬಹುಕಾಲ ಇದ್ದು, ಈಗ ವೈಟ್‌ಫೀಲ್ಡಿನ ಗಣಕಯಂತ್ರದ ಕಂಪನಿಯೊಂದರಲ್ಲಿ ಕೆಲಸಕ್ಕೆ ಬಂದಿದ್ದಾರೆ. ವರ್ತೂರಿನಿಂದಾಚೆ ಹೊಸದಾಗಿ ಎದ್ದಿರುವ ಬಡಾವಣೆಯೊಂದರಲ್ಲಿ ಅವರ ಮನೆ. ಅವರ ಬಲವಂತಕ್ಕೆ ಕಟ್ಟುಬಿದ್ದು ನಾಲ್ಕು ದಿವಸ ಅಲ್ಲಿ ಹೋಗಿ ಇದ್ದೆ. ಆಗ ಅವರು ಪೆಟ್ಟಿಗೆಯಿಂದ ಈ ಕೊಳವೆಯನ್ನು ತೆಗೆದು ತೋರಿಸಿದರು. ಅದು ಕೋವಿಯ ಮೇಲೆ ಬಿಗಿಯುವ ದುರ್ಬೀನು. ಅದರ ನಡುವೆ ಒಂದು ಬಳೆ. ಬಳೆಯ ಮೇಲೆ ಮೂರರಿಂದ ಒಂಬತ್ತರವರೆಗೆ ಅಂಕಿಗಳು. ಬಳೆಯನ್ನು ತಿರುವಿದಂತೆಲ್ಲ ದೂರದ ವಸ್ತುವು ಮೂರು ಮಡಿಯಿಂದ ಒಂಬತ್ತು ಮಡಿಯವರೆಗೆ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಬಯಲುಸೀಮೆಯಲ್ಲಿ ಕಾಡು ಟರ್ಕಿ ಕೋಳಿಯ ಬೇಟೆಗೆ ಹೋಗುವಾಗ ಅವರು ಇದನ್ನು ಉಪಯೋಗಿಸುತ್ತಿದ್ದರಂತೆ. ಕೋವಿಯನ್ನು ಅಲ್ಲಿಯೇ ಮಾರಿ, ದುರ್ಬೀನನ್ನು ಮಾತ್ರ ನೆನಪಿಗಾಗಿ ತಂದಿದ್ದರು.

ಟರ್ಕಿ ಕೋಳಿಯ ವಿಷಯವಾಗಿ ಎರಡು ಮಾತು ಹೇಳುವುದು ಅಪ್ರಸ್ತುತವಾಗಲಾರದು. ಈ ಪಕ್ಷಿಯ ಮೂಲಸ್ಥಾನ ಅಮೆರಿಕ ಖಂಡ. ಮೆಕ್ಸಿಕೋ ದೇಶದ ಜನರು ಅದನ್ನು ಬಹು ಹಿಂದೆಯೇ ಮನೆಗೆ ಪಳಗಿಸಿದ್ದರು. ಯೂರೋಪಿಗೆ ಹೋದ ಮೇಲೆ ಅದು ಯಾವ ದೇಶದ್ದೆಂಬ ವಿಚಾರದಲ್ಲಿ ಜನರಿಗೆ ವಿಚಿತ್ರವಾದ ಗೊಂದಲವುಂಟಾಯಿತು. ಇಂಗ್ಲಿಷರು ಅದನ್ನು ತುರ್ಕಿಸ್ತಾನದ ಹಕ್ಕಿಯೆಂದು ಕರೆದರು. ತುರ್ಕರು ಅದನ್ನು ‘ಹಿಂದಿ’, ಎಂದರೆ ಹಿಂದೂದೇಶದ್ದು, ಎಂದು ಕರೆದರು. ಫ್ರೆಂಚರ ಹೆಸರಿಗೂ ಇಂಡಿಯಾದ ಕೋಳಿಯೆಂದೇ ಮೂಲಾರ್ಥ. ಆದರೆ ಹಿಂದೂದೇಶದವರಾದ ನಮಗೆ ಅದು ಹೊಸಬನೇ. ೧೬೧೨ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿಯು ಗೋವೆಯಿಂದ ತಂದ ಅಪೂರ್ವ ವಸ್ತುಗಳ ಜೊತೆಯಲ್ಲಿ ಈ ಹಕ್ಕಿಯೂ ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ ಬಂದಿತು. ಇದು ನವಿಲಿನಂತೆ ಗರಿಗೆದರಿ ಕುಣಿಯುವುದನ್ನೂ, ಇದರ ತಲೆ ಮತ್ತು ಕೊರಳಿನ ತೊಗಲು ಊಸರವಳ್ಳಿಯಂತೆ ಬಣ್ಣ ಬದಲಾಯಿಸುವುದನ್ನೂ ಬಾದಶಹನು ಆಶ್ಚರ್ಯದಿಂದ ನೋಡಿ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಚಿತ್ರಕಾರ ಮನ್ಸೂರನಿಂದ ಅದರ ಚಿತ್ರವನ್ನೂ ತೆಗೆಯಿಸಿದನು. ಆ ಚಿತ್ರವು ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಜಹಾಂಗೀರನು ಸಾಮಾನ್ಯ ಬೇಟೆಗಾರನಲ್ಲ. ತನ್ನ ಕೈಯಿಂದಲೇ ೧೭,೦೦೦ಕ್ಕೂ ಹೆಚ್ಚು ಪ್ರಾಣಿಪಕ್ಷಿಗಳನ್ನು ಕೊಂದ ಲೆಕ್ಕವನ್ನು ಅವನೇ ಕೊಟ್ಟಿದ್ದಾನೆ. ಅಂಥವನಿಂದ ಇಂದು ನಮಗೆ ಉಳಿದು ಬಂದಿರುವ ಸಂಪತ್ತು ಆ ಹದಿನೇಳು ಸಾವಿರದಲ್ಲಿ ಯಾವುದೂ ಅಲ್ಲ, ಕೊಲ್ಲದೆ ನಿಲ್ಲಿಸಿಕೊಂಡು ನೋಡಿದ ಈ ಒಂದು ಹಕ್ಕಿ.

ಇನ್ನು ಅಮೆರಿಕದ ಬೇಟೆಯ ಕ್ರಮ. ಅಲ್ಲಿಯ ಪದ್ಧತಿಯನ್ನು ತಿಳಿಯದೆ ಹಳಿಯುವುದು ನ್ಯಾಯವಲ್ಲವಾದುದರಿಂದ ಶಿಷ್ಯರನ್ನು ಕೇಳಿ ತಿಳಿದುಕೊಂಡೆನು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಮಿತಿಯಿಲ್ಲದ ಬೇಟೆಯಿಂದಲೂ ಕಾಡಿನ ನಾಶದಿಂದಲೂ ಕಾಡುಟರ್ಕಿಯು ಅಲ್ಲಿಯ ಅನೇಕ ಸಂಸ್ಥಾನಗಳಲ್ಲಿ ನಿರ್ನಾಮವಾಗಿತ್ತು. ೧೯೩೭ರಲ್ಲಿ ಒಂದು ಕಾಯಿದೆ ಬಂದಿತು. ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯ ಹಣವನ್ನು ವನ್ಯಪ್ರಾಣಿಗಳ ಪುನರುದ್ಧಾರಕ್ಕೆ ಕೊಡತಕ್ಕದ್ದೆಂದು ಗೊತ್ತಾಯಿತು. ಉಳಿದಿದ್ದ ಹಕ್ಕಿಗಳನ್ನು ಬಲೆಯಿಂದ ಹಿಡಿದು, ಅವು ಅಳಿದುಹೋದ ಕಾಡುಗಳಲ್ಲಿ ತಂದು ಬಿಟ್ಟರು. ಈಗ ಅಲಾಸ್ಕಾ ಒಂದನ್ನು ಬಿಟ್ಟು ಮಿಕ್ಕ ನಲವತ್ತೊಂಬತ್ತು ಸಂಸ್ಥಾನಗಳಲ್ಲಿಯೂ ಕಾಡುಟರ್ಕಿ ಉಂಟು. ಬೇಟೆಗೆ ಗೊತ್ತಾದ ಋತು, ಅನುಮತಿ ಪತ್ರ, ಒಬ್ಬನಿಗೆ ಇಷ್ಟೇ ಹಕ್ಕಿಯೆಂಬ ಕಟ್ಟು, ಇವೆಲ್ಲ ಇವೆ. ವಸಂತ ಋತುವಿನಲ್ಲಿ ಸಾಮಾನ್ಯವಾಗಿ ಗಂಡನ್ನು ಮಾತ್ರ ಹೊಡೆಯಬಹುದು. ಗಂಡಿನ ಎದೆಯಿಂದ ಒರಟು ಕೂದಲಿನ ಕುಚ್ಚೊಂದು ತೂಗುವುದು. ಅದನ್ನು ಕಂಡು ನಿಶ್ಚಯಿಸಿಕೊಳ್ಳಬೇಕು. ಬೇಟೆಗಾರನು ಗಿಡದ ಮರೆಯಲ್ಲಿ ಅಲುಗಾಡದೆ ಕುಳಿತು, ಹೆಣ್ಣಿನ ಕೂಗನ್ನು ಅನುಕರಿಸಿ ಗಂಡನ್ನು ಹತ್ತಿರಕ್ಕೆ ಕರೆಯುತ್ತಾನೆ. ಚರೆ ಹಾರಿಸುವ ಕೋವಿಯಾದರೆ ಸುಮಾರು ನಲವತ್ತು ಗಜದೊಳಗೆ ಹಕ್ಕಿ ಬರಬೇಕು.

ಕಾಡಿನಲ್ಲಾದರೆ ಇಷ್ಟಕ್ಕೆ ಬರಿಗಣ್ಣೇ ಸಾಕು. ಬಯಲಿನಲ್ಲಿ ಹಾಗಲ್ಲ. ಮರಗಿಡಗಳ ಅಡ್ಡವಿಲ್ಲದ ಕಡೆ ದೂರವು ಕಣ್ಣಿಗೆ ಮೋಸಮಾಡುತ್ತದೆ. ನೂರು ಗಜದ ಹಕ್ಕಿ ಐವತ್ತು ಗಜದಲ್ಲಿರುವಂತೆ ತೋರುತ್ತದೆ. ಹಕ್ಕಿಯ ದೃಷ್ಟಿಯೋ ಬಹು ತೀಕ್ಷ್ಣ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಬೆನ್ನ ಹಿಂದೆ ಸ್ವಲ್ಪ ಭಾಗವನ್ನು ಬಿಟ್ಟು ಉಳಿದ ಸುತ್ತನ್ನೆಲ್ಲ ಒಂದೇ ಸಲಕ್ಕೆ ಕಾಣಬಲ್ಲದು. ಆದಕಾರಣವೇ ಅಲ್ಲಿ ದುರ್ಬೀನಿಗೆ ಬೆಲೆ, ಮಡಿಯನ್ನು ಹೆಚ್ಚುಕಡಿಮೆ ಮಾಡಬಲ್ಲ ದುರ್ಬೀನಿಗಂತೂ ಇನ್ನೂ ಹೆಚ್ಚಿನ ಬೆಲೆ.

ಅದರ ಮರ್ಮವನ್ನು ಶಿಷ್ಯರು ಹೇಳಿದ ರೀತಿ ನನಗೆ ಹಿಡಿಸಿತು. “ಮೇಷ್ಟ್ರೇ, ಹೊಸದಾಗಿ ಕೊಂಡವರೆಲ್ಲರೂ ಬಳೆಯನ್ನು ಒಂಬತ್ತಕ್ಕೆ ತಿರುಗಿಸಿ ಇಟ್ಟುಬಿಡುತ್ತಾರೆ. ಹಳಬರು ಮೂರಿನಲ್ಲಿಯೇ ಇಟ್ಟಿರುತ್ತಾರೆ” ಎಂದರು. ಏಕೆಂದರೆ ದುರ್ಬೀನು ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ. ಇಂಥ ದುರ್ಬೀನಿನಲ್ಲಿ ಮೂರು ಮಡಿಯಲ್ಲಿ ನೋಡಿದರೆ ನೂರು ಗಜದ ದೂರದಲ್ಲಿ ಸುಮಾರು ೩೩ ಅಡಿ ಅಗಲದ ನೆಲ ಕಾಣುವುದು. ಒಂಬತ್ತು ಮಡಿಯಲ್ಲಿ ಸುಮಾರು ೧೧ ಅಡಿ ಮಾತ್ರ. ಹಕ್ಕಿ ದೊಡ್ಡದಾಯಿತು, ಆದರೆ ಅದು ನಿಂತ ಹೊಲ ಮಾಯವಾಯಿತು. ಬೆಳಕಿನ ಲೆಕ್ಕವೂ ಹೀಗೆಯೇ. ಮುಂದಿನ ಗಾಜಿನ ಅಗಲವನ್ನು ಮಡಿಯಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಳತೆ ದೊರೆಯುತ್ತದೆ. ಗಾಜು ೪೦ ಮಿಲಿಮೀಟರಿನದಾದರೆ ಮೂರು ಮಡಿಯಲ್ಲಿ ಬಿಲ್ಲೆ ೧೩ ಮಿಲಿಮೀಟರು. ಒಂಬತ್ತು ಮಡಿಯಲ್ಲಿ ನಾಲ್ಕೂವರೆಗೂ ಕಡಿಮೆ. ಮುಂಜಾವದ ಮಬ್ಬಿನಲ್ಲಿ ಎಳೆಯರ ಕಣ್ಣಿನ ಪಾಪೆ ಏಳು ಮಿಲಿಮೀಟರಿನಷ್ಟು ಅರಳಬಲ್ಲದಾಗಿ, ಒಂಬತ್ತು ಮಡಿಯ ನೋಟ ಅವರಿಗೆ ಆಗ ಮಂಕಾಗಿ ತೋರುವುದು. ವಯಸ್ಸಾದಂತೆ ಪಾಪೆಯ ಅರಳುವಿಕೆಯೇ ಕುಗ್ಗುವುದರಿಂದ ನಮ್ಮಂಥವರಿಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ಮುಪ್ಪಿಗೂ ಒಂದು ರಿಯಾಯಿತಿ ಉಂಟೆಂದು ಸಮಾಧಾನಪಡಬಹುದು. ಇದಲ್ಲದೆ ಕೈಯ ನಡುಕವೂ ಒಂಬತ್ತು ಮಡಿಯಾಗುತ್ತದೆ. ಹೊತ್ತು ಏರಿದ ಮೇಲೆ ಬಯಲಿನ ಕಾದ ನೆಲದಿಂದ ಏಳುವ ಗಾಳಿಯ ತೆರೆಗಳೂ ಅಷ್ಟೇ ಮಡಿಯಾಗಿ, ಹಕ್ಕಿ ನೀರಿನಲ್ಲಿ ನಿಂತಂತೆ ಕದಡಿ ಕಾಣುತ್ತದೆ. ಜಿಂಕೆಗಳನ್ನು ನೀರೆಂದು ಮೋಸಗೊಳಿಸುವ ಈ ಬಿಸಿಲಾಟಕ್ಕೆ ನಮ್ಮ ಕವಿಗಳು ಮೃಗತೃಷ್ಣಿಕೆಯೆಂದು ಹೆಸರಿಟ್ಟರು. ಹೆಚ್ಚು ಬಲದ ಗಾಜು ಮೃಗತೃಷ್ಣಿಕೆಯನ್ನು ಹೋಗಲಾಡಿಸುವುದಿಲ್ಲ. ಅದನ್ನೂ ಹಿಗ್ಗಿಸಿಯೇ ತೋರಿಸುತ್ತದೆ.

ಈ ಮಾತುಗಳನ್ನೆಲ್ಲ ಶಿಷ್ಯರ ಮಗನು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದನು. ಹದಿನಾಲ್ಕು ವರ್ಷದ ಹುಡುಗ. ಅಲ್ಲಿಯೇ ಹುಟ್ಟಿ ಬೆಳೆದವನು. ಕನ್ನಡವನ್ನು ತಡೆದು ತಡೆದು ಆದರೂ ಮುದ್ದಾಗಿ ಆಡುತ್ತಾನೆ. ತಂದೆಯೊಡನೆ ಎರಡು ಸಾರಿ ಟರ್ಕಿಯ ಬೇಟೆಗೆ ಹೋಗಿ ಕುಳಿತಿದ್ದವನು. ಇಲ್ಲಿಗೆ ಬಂದ ಮೇಲೆ ಅವನಿಗೆ ಹೊತ್ತುಹೋಗದೆ, ಒಂದು ಗಾಳಿಕೋವಿಯನ್ನು ತಂದೆಯಿಂದ ಕೊಡಿಸಿಕೊಂಡಿದ್ದನು. ತಗಡಿನ ಡಬ್ಬಗಳನ್ನು ಸಾಲಾಗಿಟ್ಟು ಹೊಡೆದು ಹೊಡೆದು ಬೇಸರ ಬಂದಿತ್ತು. ಮನೆಯ ಹಿಂದೆ ಬಡಾವಣೆಯ ಬೇಲಿ. ಬೇಲಿಯಾಚೆ ಕುಯ್ಲಾದ ರಾಗಿಯ ಹೊಲ, ನೀಲಗಿರಿಯ ತೋಪು. ಅದರಾಚೆ ಇಪ್ಪತ್ತು ಅಂತಸ್ತಿನ ಮನೆಗಳ ಗೋಪುರಗಳು. ಆ ಹೊಲಕ್ಕೆ ಬೆಳಗ್ಗೆ ಸಂಜೆ ನವಿಲುಗಳು ಬರುತ್ತಿದ್ದವು. ಹುಡುಗನ ಕಣ್ಣು ಅವುಗಳ ಮೇಲೆ ಬಿದ್ದಿತ್ತು. ದುರ್ಬೀನನ್ನು ಗಾಳಿಕೋವಿಗೆ ಬಿಗಿದುಕೊಡೆಂದು ಅವನು ತಂದೆಯನ್ನು ಕಾಡುತ್ತಿದ್ದನು. ಶಿಷ್ಯರು ಬೇಡವೆಂದಿದ್ದರು. ಆದರೆ ಏಕೆ ಬೇಡವೆಂಬುದನ್ನು ಹೇಳಲು ಅವರ ಬಾಯಿ ಕಟ್ಟಿತ್ತು. “ಮೇಷ್ಟ್ರೇ, ತಾವೇ ಇವನಿಗೆ ಒಂದು ಮಾತು ಹೇಳಬೇಕು” ಎಂದು ನನ್ನ ಮೇಲೆ ಹಾಕಿದರು.

ಹುಡುಗನು ನನ್ನನ್ನು ನೇರವಾಗಿ ನೋಡಿ, “ತಾತ, ಅಲ್ಲಿ ಅಪ್ಪ ಮಾಡಿದ್ದು ಸರಿಯಾದರೆ, ಇಲ್ಲಿ ನಾನು ಮಾಡುವುದು ಹೇಗೆ ತಪ್ಪಾಗುತ್ತೆ?” ಎಂದನು.

ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಒಳ್ಳೆಯ ಪ್ರಶ್ನೆಯ ಗುರುತು ಸಿಕ್ಕುತ್ತದೆ. ಇದಕ್ಕೆ ಗದರಿಕೆಯ ಉತ್ತರ ಸಲ್ಲದು. ಕಾನೂನನ್ನು ಮೊದಲು ಹೇಳಿದೆನು. ನವಿಲು ೧೯೬೩ರಿಂದ ನಮ್ಮ ರಾಷ್ಟ್ರಪಕ್ಷಿ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ, ಹುಲಿ ಆನೆಗಳ ಜೊತೆಯಲ್ಲಿ, ಅದರ ಹೆಸರಿದೆ. ಕೊಂದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದವರೆಗೆ ಸೆರೆಮನೆ. ಅದರ ಮೇಲೆ ದಂಡ. ಕೊಲ್ಲುವುದಷ್ಟೇ ಬೇಟೆಯಲ್ಲ, ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು, ಗಾಯಪಡಿಸುವುದು, ಮೊಟ್ಟೆಯನ್ನು ಹಾಳುಮಾಡುವುದು, ಇವುಗಳಿಗೆ ಪ್ರಯತ್ನಿಸುವುದು, ಎಲ್ಲವೂ ಆ ಕಾಯಿದೆಯಲ್ಲಿ ಬೇಟೆಯೆಂದೇ ಗಣನೆ. ಸಣ್ಣ ಗಾಳಿಕೋವಿಯನ್ನು ಇಟ್ಟುಕೊಳ್ಳಲು ಅನುಮತಿ ಪತ್ರ ಬೇಕಿಲ್ಲವೆಂದ ಮಾತ್ರಕ್ಕೆ ಅದರಿಂದ ಹಕ್ಕಿಯನ್ನು ಹೊಡೆಯಲು ಅನುಮತಿ ದೊರೆತಂತಾಗದು. ಹುಡುಗನು ಎಲ್ಲವನ್ನೂ ಕೇಳಿದನು. ಆದರೆ ಕಾನೂನಿನಿಂದ ಹೆದರಿದ ಮನಸ್ಸು ಬೇರೆ, ಒಪ್ಪಿದ ಮನಸ್ಸು ಬೇರೆ. ಅವನ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ.

ಸಂಜೆ ಐದು ಗಂಟೆಯ ವೇಳೆಗೆ ನವಿಲೊಂದು ಹೊಲಕ್ಕಿಳಿಯಿತು. ಹುಡುಗನು ದುರ್ಬೀನನ್ನು ತಾರಸಿಗೆ ತಂದು, ಗೋಡೆಯ ಮೇಲೆ ಮಡಿಸಿದ ಟವಲಿನ ಮೇಲಿಟ್ಟು ನೋಡತೊಡಗಿದನು. ಬಳೆ ಒಂಬತ್ತರಲ್ಲಿತ್ತು. “ತಾತ, ಕೊರಳಿನ ಒಂದೊಂದು ಗರಿಯೂ ಕಾಣುತ್ತೆ” ಎಂದು ಸಂಭ್ರಮದಿಂದ ನನಗೂ ಬಿಟ್ಟುಕೊಟ್ಟನು. ನಿಜವಾಗಿಯೂ ಅಪೂರ್ವ ನೋಟ. ನೀಲಕಂಠವೆಂಬ ಶಬ್ದವನ್ನು ಸಾವಿರ ಸಲ ಉಚ್ಚರಿಸಿದವನು ನಾನು. ಆ ನೀಲಿಯೊಳಗೆ ಹಸುರೂ ಹೊನ್ನೂ ಹರಿದಾಡುವುದನ್ನು ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. “ಹಿಂದೆ ಏನಿದೆ?” ಎಂದು ಕೇಳಿದೆನು. “ಏನೂ ಇಲ್ಲ. ಹುಲ್ಲು” ಎಂದನು ಹುಡುಗ. ಬಳೆಯನ್ನು ಮೂರಕ್ಕೆ ತಿರುವಿ ಮತ್ತೆ ನೋಡಹೇಳಿದೆನು.

ಅವನು ಕಣ್ಣಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ನವಿಲಿನ ಬಲಕ್ಕೆ ಒಂದೆರಡು ಮಾರು ಆಚೆ, ಬದುವಿನ ಹಿಂದೆ, ಹೆಂಗಸೊಬ್ಬಳು ಬಗ್ಗಿ ಹಸುವಿಗೆ ಹುಲ್ಲು ಕುಯ್ಯುತ್ತಿದ್ದಳು. ಅವಳ ಸೀರೆಯ ಬಣ್ಣ ಒಣಗಿದ ಹುಲ್ಲಿನದೇ. ಬದುವಿನ ಮೇಲೆ ಅವಳ ಕೂಸು ಕುಳಿತಿತ್ತು. ನವಿಲು ಒಂದು ಹೆಜ್ಜೆ ಸರಿದಿದ್ದರೆ ಮೂವರೂ ಒಂದೇ ಸಾಲಿನಲ್ಲಿರುತ್ತಿದ್ದರು.

ನಮ್ಮ ಬೆಂಗಳೂರಿನ ಹೊರವಲಯದಲ್ಲಿ ಬಯಲೆಂದು ತೋರುವುದು ಬಯಲಲ್ಲವೆಂಬುದು ನನಗೆ ಆಗ ಸ್ಪಷ್ಟವಾಯಿತು. ಅಮೆರಿಕದ ಹುಲ್ಲುಗಾವಲಿನಲ್ಲಿ ಹಕ್ಕಿಯ ಹಿಂದೆ ಗುಡ್ಡವಿದ್ದೀತು. ಇಲ್ಲಿ ವೈಟ್‌ಫೀಲ್ಡಿನಲ್ಲಿಯಾಗಲಿ ಎಲೆಕ್ಟ್ರಾನಿಕ್ ಸಿಟಿಯ ಆಚೆಯಲ್ಲಾಗಲಿ, ಖಾಲಿಯೆಂದು ಕಾಣುವ ಪ್ರತಿಯೊಂದು ನಿವೇಶನದ ಹಿಂದೆಯೂ ಒಬ್ಬರಿದ್ದಾರೆ. ಕುರಿ ಮೇಯಿಸುವವರು, ಸೌದೆ ಆರಿಸುವವರು, ಕಟ್ಟಡದ ಕೆಲಸಕ್ಕೆಂದು ರಾಯಚೂರಿನಿಂದಲೋ ಬಂಗಾಳದಿಂದಲೋ ಬಂದು ತಗಡಿನ ಶೆಡ್ಡುಗಳಲ್ಲಿ ಸಂಸಾರ ಹೂಡಿದವರು. ಗಾಳಿಕೋವಿಯ ಸಣ್ಣ ಸೀಸದ ಗುಂಡೂ ತಡೆಯಿಲ್ಲದಿದ್ದರೆ ನೂರಾರು ಗಜ ಹೋಗಬಲ್ಲದು. ಕಣ್ಣಿಗೆ ತಾಗಿದರೆ ಕಣ್ಣನ್ನು ತೆಗೆಯಬಲ್ಲದು. ಹೆಚ್ಚು ಮಡಿಯ ಗಾಜು ತೋರಿಸದೆ ಬಿಡುವುದು ಈ ಜನರನ್ನೇ.

ಹುಡುಗನು ಕೊನೆಗೆ ಬಾಯಿಬಿಟ್ಟನು. “ಹಿಂದೆ ಯಾರೂ ಇಲ್ಲದೆ ಇದ್ದಿದ್ದರೆ, ತಾತ?”

ಪ್ರಶ್ನೆ ಇನ್ನೂ ಗಟ್ಟಿಯಾಯಿತು. ಅವನಿಗೆ ಹೀಗೆಂದೆನು: “ಆ ರಾಗಿ ಹೊಲದ ರೈತನನ್ನು ನೆನೆಸಿಕೋ. ನವಿಲು ಅವನ ಕಾಳನ್ನು ತಿನ್ನುತ್ತದೆ, ಮೊಳಕೆಯನ್ನು ಕೀಳುತ್ತದೆ. ಅವನಿಗೆ ಕೋಪ ಬರುವುದಕ್ಕೆ ಕಾರಣವಿದೆ. ಆದರೂ ಅವನು ಡಬ್ಬ ಬಡಿದು ಓಡಿಸುತ್ತಾನೆ, ಹೊಡೆಯುವುದಿಲ್ಲ. ನಷ್ಟಪಟ್ಟವನೇ ತಾಳಿಕೊಂಡಿರುವಾಗ ನಿನಗೂ ನನಗೂ ಯಾವ ಹಕ್ಕು? ನಿಮ್ಮಪ್ಪನ ದೇಶದವರು ತಮ್ಮ ಹಕ್ಕಿಯನ್ನು ಕಳೆದುಕೊಂಡು, ಮತ್ತೆ ಬೆಳೆಸಿ, ಆಮೇಲೆ ಲೆಕ್ಕವಿಟ್ಟು ಹೊಡೆಯುವ ದಾರಿ ಹಿಡಿದರು. ನಮ್ಮ ದೇಶದವರು ಹೊಡೆಯದೆ ಉಳಿಸುವ ದಾರಿ ಹಿಡಿದರು. ಯಾವ ಮನೆಯಲ್ಲಿ ಇರುತ್ತೇವೋ ಆ ಮನೆಯ ಕಟ್ಟಳೆಯಂತೆ ನಡೆಯಬೇಕು.” ಅವನು ತಲೆಯಾಡಿಸಿದನು. ಪೂರ್ತಿ ಒಪ್ಪಿದನೋ ಇಲ್ಲವೋ, ಯೋಚಿಸುತ್ತಿದ್ದನೆಂಬುದು ಮಾತ್ರ ನಿಜ.

ರಾತ್ರಿ ಊಟವಾದ ಮೇಲೆ ಅವನಿಗೆ ದಶರಥನ ಕಥೆಯನ್ನು ಹೇಳಿದೆನು. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ, ರಾಮನು ಕಾಡಿಗೆ ಹೋದ ಮೇಲೆ, ದಶರಥನು ಸಾಯುವ ರಾತ್ರಿ ಕೌಸಲ್ಯೆಗೆ ಈ ಹಳೆಯ ಸಂಗತಿಯನ್ನು ಹೇಳಿಕೊಳ್ಳುತ್ತಾನೆ. ಅವನು ಯುವರಾಜನಾಗಿದ್ದಾಗ ಶಬ್ದವೇಧಿಯೆಂಬ ಕೀರ್ತಿ ಪಡೆದಿದ್ದನು. ಕಾಣದೆ, ಸದ್ದು ಕೇಳಿದ ಕಡೆಗೇ ಬಾಣ ಬಿಡಬಲ್ಲವನು. ಮಳೆಗಾಲದ ಒಂದು ಕತ್ತಲೆಯಲ್ಲಿ ಸರಯೂ ನದಿಯ ದಡದಲ್ಲಿ ನೀರು ತುಂಬುವ ಸದ್ದಾಯಿತು. ಆನೆಯೆಂದು ತಿಳಿದು ಬಾಣ ಬಿಟ್ಟನು. ಬಿದ್ದವನು ಕುರುಡ ತಂದೆತಾಯಿಗಳಿಗಾಗಿ ಕೊಡದಲ್ಲಿ ನೀರು ತುಂಬುತ್ತಿದ್ದ ತಾಪಸಕುಮಾರ. ನಮ್ಮ ಜನ ಅವನನ್ನು ಶ್ರವಣಕುಮಾರನೆಂದು ಕರೆಯುತ್ತಾರೆ. ದಶರಥನ ಗುರಿ ತಪ್ಪಲಿಲ್ಲವೆಂಬುದನ್ನು ಗಮನಿಸಬೇಕು. ಗುರಿ ಸರಿಯಾಗಿಯೇ ಇತ್ತು, ನೋಟ ಇರಲಿಲ್ಲ.

ಕಥೆ ಮುಗಿದೊಡನೆ ಶಿಷ್ಯರು ಹೇಳಿದ ಮಾತು ನನಗೆ ಹೊಸದು. ಟರ್ಕಿಯ ಬೇಟೆಯಲ್ಲಿ ಇಂಥ ಅನಾಹುತ ಈಗಲೂ ಆಗುವುದುಂಟಂತೆ. ಒಬ್ಬ ಬೇಟೆಗಾರನು ಮರೆಯಲ್ಲಿ ಕುಳಿತು ಹೆಣ್ಣು ಟರ್ಕಿಯಂತೆ ಕೂಗುತ್ತಾನೆ. ಇನ್ನೊಬ್ಬನು ಆ ಕೂಗನ್ನು ನಂಬಿ ಪೊದೆಗೆ ಗುಂಡು ಹಾರಿಸುತ್ತಾನೆ. ಗಂಡು ಟರ್ಕಿಯ ತಲೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣಗಳಿರುವುದರಿಂದ ಆ ಮೂರು ಬಣ್ಣದ ಬಟ್ಟೆಯನ್ನು ಬೇಟೆಗೆ ತೊಟ್ಟು ಹೋಗಕೂಡದೆಂದು ಅಲ್ಲಿ ಮೊದಲ ಪಾಠದಲ್ಲಿಯೇ ಕಲಿಸುತ್ತಾರೆ. ಎರಡನೆಯ ಪಾಠ ಇನ್ನೂ ಮುಖ್ಯವಾದದ್ದು: ಕೋವಿಯ ಮೇಲಿನ ದುರ್ಬೀನಿನಿಂದ ಏನನ್ನೂ ಹುಡುಕಕೂಡದು. ಹುಡುಕುವುದಕ್ಕೆ ಕೊರಳಿಗೆ ತೂಗುಹಾಕಿಕೊಂಡ ಜೋಡಿ ದುರ್ಬೀನು ಬೇರೆ ಇರಬೇಕು. ಏಕೆಂದರೆ ಕೋವಿಯ ದುರ್ಬೀನು ಯಾರ ಕಡೆಗೆ ತಿರುಗುತ್ತದೆಯೋ ಕೋವಿಯ ಬಾಯಿಯೂ ಅವರ ಕಡೆಗೇ ತಿರುಗಿರುತ್ತದೆ. ಯಾರೆಂದು ತಿಳಿಯುವುದಕ್ಕೆ ಮೊದಲೇ ಅವರನ್ನು ಗುರಿಯಾಗಿ ಮಾಡಿಕೊಂಡಂತಾಯಿತು.

ಈ ನಿಯಮ ಬೇಟೆಗಾರರದು; ಆದರೂ ಗೃಹಸ್ಥರಾದ ನಾವು ನಮ್ಮ ನಿತ್ಯದ ವ್ಯವಹಾರಕ್ಕೂ ತೆಗೆದುಕೊಳ್ಳಬಹುದಾದದ್ದು. ನೆರೆಹೊರೆಯವರನ್ನೂ ಸೊಸೆ ಅಳಿಯಂದಿರನ್ನೂ ನಾವು ಎಷ್ಟೋ ಸಲ ಕೋವಿಗೆ ಬಿಗಿದ ಗಾಜಿನಿಂದಲೇ ನೋಡುತ್ತೇವೆ. ದೋಷವೊಂದು ಒಂಬತ್ತು ಮಡಿಯಾಗಿ ಕಾಣುತ್ತದೆ. ಅದರ ಸುತ್ತಲಿನ ಸಂಸಾರ ಕಾಣುವುದಿಲ್ಲ. ಇದನ್ನು ಇಲ್ಲಿಗೆ ಬಿಟ್ಟು ಹುಡುಗನ ಸಂಗತಿಗೆ ಬರುತ್ತೇನೆ.

ಬೇಡವೆಂದು ಕಸಿದುಕೊಂಡ ಕೈಗೆ ಬೇರೆ ಏನನ್ನಾದರೂ ಕೊಡದಿದ್ದರೆ ಉಪದೇಶ ನಿಲ್ಲುವುದಿಲ್ಲ. ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುತ್ತಾನೆ. ಅವನಿಗೆ ಸಂಗತಿಯನ್ನು ತಿಳಿಸಿದೆನು. ದುರ್ಬೀನಿನ ದಪ್ಪವನ್ನು ಅಳೆದುಕೊಂಡು ಹೋಗಿ, ಎರಡು ದಿನದಲ್ಲಿ ಒಂದು ಉಕ್ಕಿನ ಹಿಡಿಯನ್ನು ಮಾಡಿಕೊಟ್ಟನು. ಅದರಿಂದ ದುರ್ಬೀನನ್ನು ಕ್ಯಾಮರಾದ ಮುಕ್ಕಾಲಿಯ ಮೇಲೆ ಭದ್ರವಾಗಿ ಕೂರಿಸಬಹುದು. ಕೂಲಿ ಕೊಡಹೋದರೆ, “ಹಕ್ಕಿ ನೋಡೋದಕ್ಕೆ ತಾನೇ ಮೇಷ್ಟ್ರೇ” ಎಂದು ತೆಗೆದುಕೊಳ್ಳಲಿಲ್ಲ. ಕೋವಿಗೆಂದು ಹುಟ್ಟಿದ ಕಣ್ಣಿಗೆ ಹೀಗೆ ಬೇರೊಂದು ಕಾಲು ಬಂದಿತು.

ಮುಂದಿನ ಭಾನುವಾರ ಎಲ್ಲರೂ ಸೇರಿ ಹೆಸರಘಟ್ಟಕ್ಕೆ ಹೋದೆವು. ಪೀಣ್ಯದ ಕಾರ್ಖಾನೆಗಳ ಸದ್ದಿನಿಂದ ಬಹಳ ದೂರವೇನೂ ಅಲ್ಲ. ಅರ್ಕಾವತಿಗೆ ಅಡ್ಡಲಾಗಿ ೧೮೯೪ರಲ್ಲಿ ಬೆಂಗಳೂರಿಗೆ ಕುಡಿಯುವ ನೀರಿಗಾಗಿ ಕಟ್ಟಿದ ಕೆರೆ ಅಲ್ಲಿದೆ. ಕೆರೆಯ ಆಸುಪಾಸಿನ ಹುಲ್ಲುಗಾವಲು ನಗರದ ಸುತ್ತ ಉಳಿದಿರುವ ಇಂಥ ನೆಲಗಳಲ್ಲಿ ಮುಖ್ಯವಾದದ್ದು. ಮರವಿಲ್ಲದ ನೆಲವೆಂದರೆ ಪಾಳುಬಿದ್ದ ನೆಲವೆಂದು ನಮ್ಮಲ್ಲಿ ಭಾವನೆಯುಂಟು. ಆದರೆ ಟಿಟ್ಟಿಭ, ನೆಲಗುಬ್ಬಿ, ಗೌಜಲಕ್ಕಿ ಮುಂತಾದವು ನೆಲದ ಮೇಲೆಯೇ ಗೂಡುಮಾಡತಕ್ಕವು. ಅವಕ್ಕೆ ಹುಲ್ಲೇ ಕಾಡು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಸೆಳೆವ ಎಂಬ ಬೇಟೆಯ ಹಕ್ಕಿಗಳು ಇಲ್ಲಿಗೆ ಬಂದು, ರೆಕ್ಕೆಗಳನ್ನು ಮೇಲಕ್ಕೆತ್ತಿ ಹುಲ್ಲಿನ ಮೇಲೆ ತೀರ ತಗ್ಗಾಗಿ ತೇಲುತ್ತ, ರಾತ್ರಿ ಹುಲ್ಲಿನಲ್ಲಿಯೇ ತಂಗುತ್ತವೆ. ಈ ಪ್ರದೇಶದ ೫,೦೦೦ ಎಕರೆಗೂ ಮೇಲ್ಪಟ್ಟ ನೆಲವನ್ನು ಸಂರಕ್ಷಿತ ಪ್ರದೇಶವಾಗಿ ಮಾಡಲು ೨೦೨೪ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಒಪ್ಪಿಗೆ ದೊರೆಯಿತೆಂಬುದು ಸಂತೋಷದ ಸಂಗತಿ.

ಹುಡುಗನು ಮುಕ್ಕಾಲಿಯನ್ನು ನೆಟ್ಟು, ಬಳೆಯನ್ನು ತಾನಾಗಿಯೇ ಮೂರಕ್ಕೆ ತಿರುವಿಕೊಂಡನು. ಮೊದಲು ಬರಿಗಣ್ಣಿನಿಂದ ಬಯಲನ್ನೆಲ್ಲ ನೋಡುವುದು, ಅಲುಗಾಡಿದ್ದನ್ನು ಮೂರು ಮಡಿಯಲ್ಲಿ ಹಿಡಿಯುವುದು, ಸಿಕ್ಕಿದ ಮೇಲೆ ಮೆಲ್ಲಗೆ ಆರಕ್ಕೆ, ಒಂಬತ್ತಕ್ಕೆ ಏರಿಸುವುದು, ಹಕ್ಕಿ ಹಾರಿದರೆ ತಟಕ್ಕನೆ ಮೂರಕ್ಕೆ ಇಳಿಸುವುದು: ಬೇಟೆಯ ವಿದ್ಯೆಯೆಲ್ಲ ಹಾಗೆಯೇ ಉಪಯೋಗಕ್ಕೆ ಬಂದಿತು. ಅಲುಗಾಡದೆ ಕುಳಿತಿರುವುದನ್ನು ತಂದೆಯಿಂದ ಮೊದಲೇ ಕಲಿತಿದ್ದನು. ಹತ್ತು ಗಂಟೆಯ ಮೇಲೆ ಬಿಸಿಲಿನ ತೆರೆಗಳೆದ್ದು ಒಂಬತ್ತು ಮಡಿಯ ನೋಟ ಕದಡಿದಾಗ, “ತಾತ, ಮೃಗತೃಷ್ಣಿಕೆ!” ಎಂದು ಕೂಗಿದನು. ಆ ಶಬ್ದವನ್ನು ಅಷ್ಟು ಸರಿಯಾಗಿ ಪ್ರಯೋಗಿಸಿದ ವಿದ್ಯಾರ್ಥಿಗಳು ನನಗೆ ತರಗತಿಯಲ್ಲಿ ಹೆಚ್ಚು ಮಂದಿ ಸಿಕ್ಕಿರಲಿಲ್ಲ.

ಗಾಳಿಕೋವಿಯಿಂದ ಮೊದಲಾದ ಕುತೂಹಲ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ದೊಡ್ಡ ನಿದರ್ಶನವಿದೆ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಹುಡುಗರಾಗಿದ್ದಾಗ ಆಟದ ಗಾಳಿಕೋವಿಯಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕೊರಳಿನಲ್ಲಿ ಹಳದಿಯ ಮಚ್ಚೆಯಿತ್ತು. ಇದಾವ ಹಕ್ಕಿಯೆಂದು ತಿಳಿಯುವ ಆಸೆಯಿಂದ ಅದನ್ನು ಹಿಡಿದುಕೊಂಡು ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘಕ್ಕ ಹೋದರು. ಅಲ್ಲಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಮಹನೀಯರು ಹುಡುಗನೆಂದು ತಳ್ಳಿಬಿಡದೆ, ಸಂಗ್ರಹಾಲಯದ ಹಕ್ಕಿಗಳನ್ನೆಲ್ಲ ತೆರೆದು ತೋರಿಸಿದರು. ಆ ದಿನದಿಂದ ಅವರ ಬಾಳಿನ ದಾರಿ ಗೊತ್ತಾಯಿತು. ಮುಂದೆ ೧೯೩೯-೪೦ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸಮೀಕ್ಷೆಮಾಡಿದವರೂ ಅವರೇ. ಆ ಕಾಲದ ಶಾಸ್ತ್ರಪದ್ಧತಿಯಂತೆ ಅವರೂ ಮಾದರಿಗಾಗಿ ಹಕ್ಕಿಗಳನ್ನು ಹೊಡೆದದ್ದುಂಟು. ಈಗ ಒಳ್ಳೆಯ ಗಾಜೂ ಕ್ಯಾಮರಾವೂ ಸುಲಭವಾಗಿ ದೊರೆಯುವುದರಿಂದ, ಹಕ್ಕಿಯ ಹೆಸರು ತಿಳಿಯಬೇಕೆಂಬ ಬಾಲಕನು ಅದನ್ನು ಕೊಲ್ಲಬೇಕಾಗಿಲ್ಲ.

ಆದಕಾರಣ ಮಕ್ಕಳಿರುವ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಹುಟ್ಟುಹಬ್ಬಕ್ಕೆ ಗಾಳಿಕೋವಿ ಬೇಕೆಂದು ಮಗು ಹಟಮಾಡಿದರೆ, ಅದರ ಆಸೆಯನ್ನು ಕ್ರೌರ್ಯವೆಂದು ತಿಳಿಯಬೇಡಿರಿ. ದೂರದ್ದನ್ನು ಮುಟ್ಟಬೇಕೆಂಬ ಆಸೆ ಅದು, ಅಷ್ಟೇ. ಅದೇ ಹಣಕ್ಕೆ ಇನ್ನು ಸ್ವಲ್ಪ ಸೇರಿಸಿ ಜೋಡಿ ದುರ್ಬೀನನ್ನು ಕೊಡಿಸಿರಿ. ಎಂಟು ಮಡಿಯದು, ಮುಂದಿನ ಗಾಜು ನಲವತ್ತು ಮಿಲಿಮೀಟರಿನ ಸುಮಾರಿನದು, ಎಲ್ಲರ ಕೈಗೂ ಒಪ್ಪುತ್ತದೆ; ಇಪ್ಪತ್ತು ಮಡಿ ಐವತ್ತು ಮಡಿಯೆಂದು ಅಂಗಡಿಯವರು ಹೊಗಳುವ ಅಗ್ಗದ ಸರಕಿಗೆ ಮರುಳಾಗಬೇಡಿರಿ. ಸೂರ್ಯನ ಕಡೆಗೆ ಅದನ್ನು ಎಂದಿಗೂ ತಿರುಗಿಸಕೂಡದೆಂದು ಮೊದಲೇ ಕಟ್ಟುಮಾಡಿರಿ. ಕಣ್ಣು ಒಂದು ಕ್ಷಣದಲ್ಲಿ ಕೆಡುವುದು. ಬೆಳಗಿನ ತಂಪಿನಲ್ಲಿ ಹೊಸಕೋಟೆಯ ಕೆರೆಗೋ ಹೆಸರಘಟ್ಟಕ್ಕೋ ಕರೆದುಕೊಂಡು ಹೋಗಿರಿ. ಗೂಡಿರುವ ಹುಲ್ಲನ್ನು ತುಳಿಯದೆ ದಾರಿಯಲ್ಲಿಯೇ ನಿಂತು ನೋಡುವುದನ್ನು ಕಲಿಸಿರಿ. ಮಗುವು ಹಕ್ಕಿಯ ಹೆಸರನ್ನು ಕೇಳಿದಾಗ ನಿಮಗೆ ಗೊತ್ತಿಲ್ಲದಿದ್ದರೆ, ಅಲ್ಲಿ ದನ ಮೇಯಿಸುವ ಮುದುಕನನ್ನು ಕೇಳಿರಿ; ಪುಸ್ತಕದಲ್ಲಿಲ್ಲದ ಹೆಸರನ್ನು ಅವನು ಹೇಳಿಯಾನು.

ಶಿಷ್ಯರ ಮನೆಯಿಂದ ಮೊನ್ನೆ ಕಾಗದ ಬಂದಿತ್ತು. ಹುಡುಗನು ಕನ್ನಡದಲ್ಲಿಯೇ ಒಂದು ಪಟ್ಟಿಯನ್ನು ಬರೆದು ಕಳುಹಿಸಿದ್ದಾನೆ. ಮನೆಯ ಹಿಂದಿನ ಹೊಲಕ್ಕೆ ಬಂದವರ ಪಟ್ಟಿ: ನವಿಲು ಆರು, ಗೌಜಲಕ್ಕಿ ನಾಲ್ಕು, ಮುಂಗುಸಿ ಒಂದು. ಪಟ್ಟಿಯ ಕೊನೆಯ ಸಾಲಿನಲ್ಲಿ, ಹುಲ್ಲು ಕುಯ್ಯುವ ಹೆಂಗಸಿನ ಹೆಸರೂ ಅವಳ ಕೂಸಿನ ಹೆಸರೂ ಇದ್ದವು.